ಫಾರೆಸ್ಟ್ ಔಲೆಟ್

ಫಾರೆಸ್ಟ್ ಔಲೆಟ್ (ವೈಜ್ಞಾನಿಕ ಹೆಸರು: ಅಥೀನ್ ಬ್ಲೆವಿಟ್ಟಿ) ಮಧ್ಯ ಭಾರತದ ಎಲೆಯುದುರುವ ಕಾಡುಗಳಲ್ಲಿ ಮಾತ್ರ ಕಂಡುಬರುವ ಅಪರೂಪದ ಸಣ್ಣ ಗೂಬೆ. ಮರಾಠಿಯಲ್ಲಿ ಇದಕ್ಕೆ ವನ ಪಿಂಗಳಾ ಎಂಬ ಹೆಸರಿದೆ. 1884ರ ನಂತರ ನೂರಕ್ಕೂ ಹೆಚ್ಚು ವರ್ಷ ಕಾಣಸಿಗದೆ, ಅಳಿದುಹೋಗಿರಬಹುದೆಂದು ಭಾವಿಸಲಾಗಿದ್ದ ಈ ಹಕ್ಕಿ 1997ರಲ್ಲಿ ಮತ್ತೆ ಪತ್ತೆಯಾಯಿತು.

ಗುರುತಿಸುವಿಕೆ

ಹಕ್ಕಿಯ ಉದ್ದ ಸುಮಾರು 23 ಸೆಂ.ಮೀ. ಊರುಗಳ ಸುತ್ತಮುತ್ತ ಸಾಮಾನ್ಯವಾಗಿರುವ ಹಾಲಕ್ಕಿಯನ್ನು ಇದು ಬಹಳವಾಗಿ ಹೋಲುತ್ತದೆ. ಹಾಲಕ್ಕಿಯ ನೆತ್ತಿ ಮತ್ತು ಬೆನ್ನಿನ ಮೇಲೆ ಬಿಳಿ ಚುಕ್ಕೆಗಳು ಎದ್ದು ಕಾಣುತ್ತವೆ. ಫಾರೆಸ್ಟ್ ಔಲೆಟ್‌ನಲ್ಲಿ ಅವು ತೀರ ಮಸುಕಾಗಿರುತ್ತವೆ. ತಲೆ ಮತ್ತು ಕೊಕ್ಕು ದೊಡ್ಡವು. ರೆಕ್ಕೆ ಮತ್ತು ಬಾಲದ ಮೇಲೆ ಅಗಲವಾದ ಬಿಳಿ ಪಟ್ಟೆಗಳಿವೆ. ಎದೆ ಕಂದು ಬಣ್ಣದ್ದಾಗಿದ್ದು, ಹೊಟ್ಟೆಯ ಕೆಳಭಾಗ ಅಚ್ಚ ಬಿಳಿಯಾಗಿದೆ. ಹಗಲಿನಲ್ಲಿಯೂ ಚಟುವಟಿಕೆಯಿಂದಿದ್ದು, ಹಲ್ಲಿ, ಇಲಿ ಮತ್ತು ಕೀಟಗಳನ್ನು ಬೇಟೆಯಾಡುತ್ತದೆ. ಮರದ ಪೊಟರೆಗಳಲ್ಲಿ ಗೂಡು ಮಾಡುತ್ತದೆ.

ಶೋಧ ಮತ್ತು ಕಣ್ಮರೆ

1872ರಲ್ಲಿ ಎಫ್. ಆರ್. ಬ್ಲೆವಿಟ್ ಇದರ ಮೊದಲ ಮಾದರಿಯನ್ನು ಸಂಗ್ರಹಿಸಿದರು. ಮರುವರ್ಷ ಎ. ಓ. ಹ್ಯೂಮ್ ಅದನ್ನು ಹೊಸ ಪ್ರಭೇದವೆಂದು ವರ್ಣಿಸಿ ಬ್ಲೆವಿಟ್ಟರ ಹೆಸರನ್ನಿಟ್ಟರು. 1880ರ ದಶಕದಲ್ಲಿ ಜೇಮ್ಸ್ ಡೇವಿಡ್‌ಸನ್ ಖಾನದೇಶ ಪ್ರದೇಶದಲ್ಲಿ ಇನ್ನಷ್ಟು ಮಾದರಿಗಳನ್ನು ಸಂಗ್ರಹಿಸಿದರು. ಅನಂತರ ಉಳಿದ ಏಕೈಕ ದಾಖಲೆಯೆಂದರೆ, 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಸಂಗ್ರಹಿಸಿದ್ದಾಗಿ ಬ್ರಿಟಿಷ್ ಸೇನಾಧಿಕಾರಿ ರಿಚರ್ಡ್ ಮೈನರ್ಟ್ಸ್‌ಹೇಗನ್ ಹೇಳಿಕೊಂಡಿದ್ದ ಮಾದರಿ. ಸಲೀಂ ಅಲಿ ಮತ್ತು ಡಿಲ್ಲನ್ ರಿಪ್ಲಿ ನಡೆಸಿದ ಹುಡುಕಾಟಗಳು ಫಲಿಸಲಿಲ್ಲ. ಫಾರೆಸ್ಟ್ ಔಲೆಟ್ ಎನ್ನಲಾದ ಕೆಲವು ಛಾಯಾಚಿತ್ರಗಳಲ್ಲಿದ್ದುದು ಹಾಲಕ್ಕಿಯೇ ಎಂದು ಮುಂದೆ ತಿಳಿದುಬಂತು.

ಮರುಶೋಧ

ಅಮೆರಿಕದ ಪಕ್ಷಿವಿಜ್ಞಾನಿ ಪಮೇಲಾ ರಾಸ್ಮುಸ್ಸೆನ್ ವಸ್ತುಸಂಗ್ರಹಾಲಯಗಳಲ್ಲಿದ್ದ ಹಳೆಯ ಮಾದರಿಗಳನ್ನು ಪರಿಶೀಲಿಸಿದಾಗ 1914ರ ದಾಖಲೆ ನಕಲಿಯೆಂದು ಕಂಡುಬಂತು. ಡೇವಿಡ್‌ಸನ್ ಸಂಗ್ರಹಿಸಿದ್ದ ಮಾದರಿಯೊಂದನ್ನು ಕದ್ದು, ಅದಕ್ಕೆ ಸುಳ್ಳು ಚೀಟಿ ಅಂಟಿಸಲಾಗಿತ್ತು. ಆ ದಾಖಲೆಯನ್ನು ಕೈಬಿಟ್ಟು, ನಂಬಲರ್ಹವಾದ ಹಳೆಯ ಸ್ಥಳಗಳಲ್ಲಿ ಹುಡುಕಲು ನಿರ್ಧರಿಸಲಾಯಿತು. 1997ರ ನವೆಂಬರ್‌ನಲ್ಲಿ ರಾಸ್ಮುಸ್ಸೆನ್, ಬೆನ್ ಕಿಂಗ್ ಮತ್ತು ಡೇವಿಡ್ ಅಬಾಟ್ ಮಹಾರಾಷ್ಟ್ರದ ಶಹಾದಾ ಬಳಿಯ ಕಾಡಿನಲ್ಲಿ ಹಕ್ಕಿಯನ್ನು ಹಗಲು ಬೆಳಕಿನಲ್ಲೇ ಕಂಡು, ಅದರ ಛಾಯಾಚಿತ್ರ ತೆಗೆದರು. ಒಂದು ಸುಳ್ಳು ದಾಖಲೆ ಹಲವು ದಶಕಗಳ ಹುಡುಕಾಟವನ್ನು ಹೇಗೆ ದಾರಿ ತಪ್ಪಿಸಬಲ್ಲದೆಂಬುದಕ್ಕೆ ಈ ಪ್ರಕರಣ ಉದಾಹರಣೆಯಾಗಿದೆ.

ವ್ಯಾಪ್ತಿ ಮತ್ತು ಸಂರಕ್ಷಣೆ

ಮರುಶೋಧದ ನಂತರ ಮಹಾರಾಷ್ಟ್ರದ ಮೇಳಘಾಟ್ ಮತ್ತು ತಾನ್ಸಾ, ಮಧ್ಯಪ್ರದೇಶದ ಬುರ್ಹಾನ್‌ಪುರ, ಗುಜರಾತಿನ ಪೂರ್ಣಾ ಮೊದಲಾದೆಡೆ ಈ ಹಕ್ಕಿ ಕಂಡುಬಂದಿದೆ. ಇದರಿಂದಾಗಿ 2018ರಲ್ಲಿ ಐಯುಸಿಎನ್ ಇದನ್ನು ‘ತೀವ್ರ ಅಪಾಯದಲ್ಲಿರುವ’ ವರ್ಗದಿಂದ ‘ಅಪಾಯದಲ್ಲಿರುವ’ ವರ್ಗಕ್ಕೆ ಸೇರಿಸಿತು. ಮರಗಳ ಕಡಿತ ಮತ್ತು ಕಾಡಿನ ಒತ್ತುವರಿ ಇದರ ಮುಖ್ಯ ಅಪಾಯಗಳು. ಪೊಟರೆಗಳಿರುವ ಹಳೆಯ ಮರಗಳು ಇಲ್ಲವಾದಲ್ಲಿ ಗೂಡಿಗೆ ನೆಲೆಯಿಲ್ಲದ ಕಾರಣ, ಅಂಥ ಮರಗಳ ಉಳಿವು ಈ ಹಕ್ಕಿಯ ಉಳಿವಿಗೆ ಅತ್ಯಗತ್ಯ.