ಜನಪದದ ಸೊತ್ತು ಮತ್ತು ಕೃತಿಸ್ವಾಮ್ಯ

ಸಂತೇಬೆನ್ನೂರಿನ ಪುಷ್ಕರಣಿಯನ್ನು ಕಟ್ಟಿಸಿದ ಹನುಮಪ್ಪ ನಾಯಕನ ಹೆಸರು ಇತಿಹಾಸದಲ್ಲಿ ಉಳಿದಿದೆ. ಸುತ್ತಣ ಹಳ್ಳಿಗಳ ಸೋಬಾನೆ ಪದಗಳನ್ನು ಕಟ್ಟಿದವರ ಹೆಸರು ಉಳಿದಿಲ್ಲ. ಕರ್ತೃವಿನ ಮರಣಾನಂತರ 60 ವರ್ಷಗಳನ್ನು ಎಣಿಸುವ 1957ರ ಕೃತಿಸ್ವಾಮ್ಯ ಕಾಯಿದೆಗೆ ಇಂತಹ ಅನಾಮಿಕ ಪರಂಪರೆ ನಿಲುಕದು.

ಪರಂಪರೆಯಿಂದ ಒಬ್ಬರು ಹೊಸದನ್ನು ರೂಪಿಸಿದಾಗ? ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆ ಇದಕ್ಕೆ ನಿದರ್ಶನ. ಅದರ ಹಕ್ಕು ಉಯಿಲಿನ ಮೂಲಕ ಬಿ. ಮಾಲಿನಿ ಮಲ್ಯ ಅವರಿಗೆ ಸಂದಿದೆಯೆಂದು 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪಿತು. ಜೊತೆಗೆ 52ನೆಯ ಕಲಮಿನ ನ್ಯಾಯೋಚಿತ ಬಳಕೆಯ ವಿನಾಯಿತಿಗಳನ್ನು ಎದುರು ಪಕ್ಷಕ್ಕೆ ಮುಕ್ತವಾಗಿರಿಸಿತು. ಅಂದರೆ ಕಾರಂತರ ಸಂಯೋಜನೆಗೆ ಒಡೆತನವುಂಟು, ಯಕ್ಷಗಾನಕ್ಕಿಲ್ಲ.

ಸಂಗ್ರಾಹಕರಾದ ನಾವೂ ಈ ಗೆರೆಯನ್ನು ಮರೆಯಬಾರದು: ಸಂಕಲನ ನಮ್ಮದು, ಹಾಡು ಸಮುದಾಯದ್ದು. ಹಾಡಿಕೊಟ್ಟವರ ಹೆಸರನ್ನು ಮುದ್ರಿಸುವುದು, ಕಾನೂನು ಕೇಳದಿದ್ದರೂ, ನಾವು ತೀರಿಸಬೇಕಾದ ಋಣ.