ನೀರಿನ ಗುತ್ತಿಗೆ ಕೊಟ್ಟರೆ ನಳವೂ ಕಂಪನಿಯದ್ದಾಗುತ್ತದೆಯೇ? ಸರ್ಕಾರಿ ಒಪ್ಪಂದದಲ್ಲಿ ಗುಣಮಟ್ಟ ಮತ್ತು ಸ್ವತ್ತಿನ ಷರತ್ತುಗಳು

'ಕಲಬುರಗಿಯ ನೀರನ್ನು ಕಂಪನಿಗೆ ಮಾರಿಬಿಟ್ಟಿದ್ದಾರೆ', 'ಬಿಲ್ ಪಾಸಾದ ಮೇಲೆ ಗುತ್ತಿಗೆದಾರನನ್ನು ಯಾರೂ ಕೇಳುವಂತಿಲ್ಲ', 'ಟೆಂಡರ್ ಕಾಗದ ಸರ್ಕಾರದ ಗುಟ್ಟು, ಜನರಿಗೆ ತೋರಿಸುವುದಿಲ್ಲ'. ರಸ್ತೆ ಅಗೆದಾಗ, ಹೊಸ ಮೀಟರ್ ಕೂರಿಸಿದಾಗ, ಪೈಪ್ ಒಡೆದಾಗ ಇಂಥ ಮಾತುಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತವೆ. ಇವುಗಳಲ್ಲಿ ಎಷ್ಟು ನಿಜ? ಒಪ್ಪಂದದ ಕಾಗದದಲ್ಲಿ ಏನಿರುತ್ತದೆ? ಒಂದೊಂದಾಗಿ ನೋಡೋಣ.

ಸಂಕ್ಷಿಪ್ತ ಉತ್ತರ: ಸೇವಾ ಗುತ್ತಿಗೆ ಎಂದರೆ ಮಾರಾಟವಲ್ಲ. ಬಿಲ್ ಆದ ಮೇಲೂ ದೋಷ ಸರಿಪಡಿಸುವ ಹೊಣೆ ನಿಗದಿತ ಅವಧಿಯವರೆಗೆ ಗುತ್ತಿಗೆದಾರನ ಮೇಲಿರುತ್ತದೆ. ದಾಖಲೆ ಕೇಳುವ ಹಕ್ಕು ಎಲ್ಲ ನಾಗರಿಕರಿಗೂ ಇದೆ. ಆದರೆ ಅವಧಿ ಮುಗಿಯುವ ಮುನ್ನ ಕೇಳಬೇಕು.

ಹೇಳಿಕೆ 1: 'ಗುತ್ತಿಗೆ ಕೊಟ್ಟರೆ ಆಸ್ತಿಯೂ ಕಂಪನಿಯ ಪಾಲು'

ಇದು ತಪ್ಪು. ಕಲಬುರಗಿಯಲ್ಲೇ ಇದಕ್ಕೆ ಉದಾಹರಣೆ ಇದೆ. ವಿಶ್ವ ಬ್ಯಾಂಕ್ ಸಾಲದ ನೆರವಿನಿಂದ ಕರ್ನಾಟಕ ನಗರ ನೀರು ಪೂರೈಕೆ ಸುಧಾರಣಾ ಯೋಜನೆ 2004ರಲ್ಲಿ ಮಂಜೂರಾಯಿತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಕೆಲವು ವಾರ್ಡ್‌ಗಳನ್ನು ಪ್ರಾಯೋಗಿಕ ವಲಯಗಳೆಂದು ಆರಿಸಿ, ಅಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಕೆಲಸವನ್ನು 2005ರಲ್ಲಿ ಫ್ರಾನ್ಸ್ ಮೂಲದ ವೆಯೋಲಿಯಾ ಸಮೂಹಕ್ಕೆ ವಹಿಸಲಾಯಿತು.

ಕಂಪನಿಗೆ ಸಿಕ್ಕಿದ್ದು ನಿಗದಿತ ಅವಧಿಗೆ ಪೈಪ್ ಜಾಲವನ್ನು ಸರಿಪಡಿಸಿ ನಡೆಸುವ ಕೆಲಸ ಮಾತ್ರ. ಪೈಪ್, ಟ್ಯಾಂಕ್, ವಾಲ್ವ್‌ಗಳ ಒಡೆತನ ಸರ್ಕಾರಿ ಸಂಸ್ಥೆಗಳಲ್ಲೇ ಉಳಿಯಿತು. ನೀರಿನ ದರ ನಿಗದಿ ಮಾಡುವ ಅಧಿಕಾರವೂ ಕಂಪನಿಯ ಕೈಗೆ ಹೋಗಲಿಲ್ಲ. ಕಂಪನಿಗೆ ಕೊಡುವ ಹಣದ ಒಂದು ಭಾಗವನ್ನು ಗುರಿ ಸಾಧನೆಗೆ ಕಟ್ಟಲಾಗಿತ್ತು. ಅಂದರೆ ಕೆಲಸ ಆದಷ್ಟಕ್ಕೆ ದುಡ್ಡು.

ಇಂಥ ಒಪ್ಪಂದಗಳಲ್ಲಿ ಸ್ವತ್ತಿನ ಬಗ್ಗೆ ಸಾಮಾನ್ಯವಾಗಿ ನಾಲ್ಕು ಷರತ್ತುಗಳಿರುತ್ತವೆ. ಒಂದು, ಶುರುವಿನಲ್ಲಿ ಏನೇನು ಒಪ್ಪಿಸಲಾಗಿದೆ ಎಂಬ ಪಟ್ಟಿ: ಎಷ್ಟು ಪಂಪ್, ಎಷ್ಟು ಮೋಟಾರ್, ಯಾವ ಸ್ಥಿತಿಯಲ್ಲಿ. ಎರಡು, ನಡುವೆ ಕೊಟ್ಟ ಸಾಮಾನಿನ ಲೆಕ್ಕ. ಮೂರು, ಹಾನಿಯಾದರೆ ಯಾರ ಹೊಣೆ: ದಿನನಿತ್ಯದ ಬಳಕೆಯ ಸವಕಳಿ ಬೇರೆ, ನಿರ್ಲಕ್ಷ್ಯದಿಂದ ಸುಟ್ಟ ಮೋಟಾರ್ ಬೇರೆ. ನಾಲ್ಕು, ಅವಧಿ ಮುಗಿದ ದಿನ ಎಲ್ಲವನ್ನೂ ಚಾಲೂ ಸ್ಥಿತಿಯಲ್ಲಿ ವಾಪಸ್ ಒಪ್ಪಿಸುವುದು. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು (2017) ಕೇಂದ್ರದ ಇಲಾಖೆಗಳು ತಮ್ಮ ಸ್ಥಿರ ಸ್ವತ್ತುಗಳನ್ನು ವರ್ಷಕ್ಕೊಮ್ಮೆಯಾದರೂ ಎಣಿಸಿ ನೋಡಬೇಕು ಎನ್ನುತ್ತವೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ 'ಮಾರಿದರೇ?' ಎಂಬುದಲ್ಲ. 'ಸ್ವತ್ತಿನ ಪಟ್ಟಿ ಎಲ್ಲಿದೆ? ಕೊನೆಯ ಸಲ ಯಾವಾಗ ಎಣಿಸಿದಿರಿ?' ಎಂದು ಕೇಳಬೇಕು. ಪಟ್ಟಿಯೇ ಇಲ್ಲದಿದ್ದರೆ ಮಾರದಿದ್ದರೂ ಸ್ವತ್ತು ಕರಗಬಹುದು.

ಹೇಳಿಕೆ 2: 'ಗುಣಮಟ್ಟ ಅಂದರೆ ಎಂಜಿನಿಯರ್ ಕಣ್ಣಳತೆ'

ಇದೂ ತಪ್ಪು. ಗುಣಮಟ್ಟವನ್ನು ಅಂಕಿಯಲ್ಲಿ ಬರೆದಿಡಲಾಗುತ್ತದೆ.

ಕಾಂಕ್ರೀಟ್ ಉದಾಹರಣೆ ನೋಡಿ. ಕೆಲಸದ ಜಾಗದಲ್ಲೇ ಕಾಂಕ್ರೀಟ್ ತೆಗೆದು 15 ಸೆಂ.ಮೀ. ಅಳತೆಯ ಘನಗಳನ್ನು ಎರಕ ಹೊಯ್ದು, ನೀರಿನಲ್ಲಿಟ್ಟು, 28 ದಿನಗಳ ನಂತರ ಯಂತ್ರದಲ್ಲಿ ಒತ್ತಿ ಪುಡಿಗಟ್ಟುತ್ತಾರೆ. 'ಎಂ-20' ಎಂಬುದರಲ್ಲಿ 20 ಎಂದರೆ ಪ್ರತಿ ಚದರ ಮಿಲಿಮೀಟರ್‌ಗೆ 20 ನ್ಯೂಟನ್ ಒತ್ತಡ ತಾಳುವ ಶಕ್ತಿ. ಭಾರತೀಯ ಮಾನಕ ಐಎಸ್ 456ರ ಪ್ರಕಾರ 5 ಘನ ಮೀಟರ್‌ವರೆಗಿನ ಕಾಂಕ್ರೀಟ್‌ಗೆ ಕನಿಷ್ಠ ಒಂದು ಮಾದರಿ, 6ರಿಂದ 15ರವರೆಗೆ ಎರಡು, 16ರಿಂದ 30ರವರೆಗೆ ಮೂರು ಮಾದರಿ ಬೇಕು. ಒಂದು ಮಾದರಿ ಎಂದರೆ ಮೂರು ಘನಗಳು. ಚಿಕ್ಕ ಚರಂಡಿ ಕೆಲಸಕ್ಕೂ ಈ ವರದಿ ಕಡತದಲ್ಲಿರಬೇಕು.

ನೀರಿಗೂ ಹಾಗೆಯೇ. ಕುಡಿಯುವ ನೀರಿನ ಮಾನಕ ಐಎಸ್ 10500 (2012) ಪ್ರಕಾರ ಪಿಎಚ್ 6.5ರಿಂದ 8.5ರ ನಡುವೆ ಇರಬೇಕು. ಕ್ಲೋರಿನ್ ಹಾಕಿದ ನೀರು ಮನೆ ತಲುಪುವಾಗ ಲೀಟರ್‌ಗೆ ಕನಿಷ್ಠ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಫ್ಲೋರೈಡ್ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ ಮಾತ್ರ 1.5ರವರೆಗೆ ನಡೆಯುತ್ತದೆ.

24 ಗಂಟೆ ನೀರು ಎಂಬುದು ಬರೀ ಅನುಕೂಲದ ಮಾತಲ್ಲ, ಆರೋಗ್ಯದ ಮಾತೂ ಹೌದು. ನೀರು ನಿಂತಾಗ ಪೈಪ್‌ನೊಳಗೆ ಒತ್ತಡ ಕುಸಿಯುತ್ತದೆ. ಬಿರುಕಿದ್ದಲ್ಲಿ ಪಕ್ಕದ ಚರಂಡಿಯ ಕೊಳೆ ಒಳಗೆ ಸೇರುತ್ತದೆ. ಇದೇ ಯೋಜನೆ ಜಾರಿಯಾದ ಹುಬ್ಬಳ್ಳಿ-ಧಾರವಾಡದಲ್ಲಿ ಸಂಶೋಧಕರು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಟ್ಟು ಬಿಟ್ಟು ನೀರು ಬರುವ ಬಡಾವಣೆಗಳ ನಳದ ನೀರಿನ ಮಾದರಿಗಳಲ್ಲಿ ಸುಮಾರು ಶೇ 32ರಷ್ಟರಲ್ಲಿ ಇ-ಕೊಲೈ ಬ್ಯಾಕ್ಟೀರಿಯಾ ಕಂಡುಬಂತು. ಸತತ ನೀರಿರುವ ಕಡೆ ಇದು ಶೇ 1ಕ್ಕಿಂತ ಕಡಿಮೆ ಇತ್ತು. ಒಪ್ಪಂದದಲ್ಲಿ 'ಸತತ ಪೂರೈಕೆ', 'ಒತ್ತಡ' ಎಂಬ ಪದಗಳಿದ್ದರೆ ಅವುಗಳ ಹಿಂದೆ ಮಕ್ಕಳ ವಾಂತಿಭೇದಿಯ ಲೆಕ್ಕವಿದೆ ಎಂಬುದು ನೆನಪಿರಲಿ.

ಕಮಲಾಪುರ ತಾಲ್ಲೂಕಿನ ಹಳ್ಳಿಗಳಂಥ ಗ್ರಾಮೀಣ ಪ್ರದೇಶಕ್ಕೆ 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಅನ್ವಯಿಸುತ್ತದೆ. ಅದರ ಗುರಿ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್. ಅಲ್ಲಿ ಬಿಲ್ ಪಾವತಿಗೆ ಮುನ್ನ ಮೂರನೇ ಸಂಸ್ಥೆಯಿಂದ ತಪಾಸಣೆ ಆಗಬೇಕು. ಊರಿನ ಐವರು ಮಹಿಳೆಯರಿಗೆ ಕಿಟ್ ಮೂಲಕ ನೀರು ಪರೀಕ್ಷಿಸುವ ತರಬೇತಿಯನ್ನೂ ಕೊಡಬೇಕು. ನಿಮ್ಮೂರಲ್ಲಿ ಆ ಐವರು ಯಾರು ಎಂದು ಪಂಚಾಯಿತಿಯಲ್ಲಿ ಕೇಳಿ ನೋಡಿ.

ಹೇಳಿಕೆ 3: 'ಬಿಲ್ ಆದ ಮೇಲೆ ಮುಗೀತು'

ಮುಗಿಯುವುದಿಲ್ಲ. ಕಾಮಗಾರಿ ಒಪ್ಪಂದಗಳಲ್ಲಿ 'ದೋಷ ಹೊಣೆಗಾರಿಕೆ ಅವಧಿ' ಎಂಬ ಷರತ್ತು ಇರುತ್ತದೆ. ಆ ಅವಧಿಯಲ್ಲಿ ಕೆಲಸದ ದೋಷದಿಂದ ಒಡೆದದ್ದನ್ನು ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಮಾಡದಿದ್ದರೆ ಇಲಾಖೆ ಬೇರೆಯವರಿಂದ ಮಾಡಿಸಿ, ಆತ ಇಟ್ಟ ಭದ್ರತಾ ಠೇವಣಿಯಿಂದ ಮುರಿದುಕೊಳ್ಳಬಹುದು.

ಆದರೆ 'ಎಲ್ಲ ರಸ್ತೆಗೂ 5 ವರ್ಷ ಗ್ಯಾರಂಟಿ' ಎಂಬ ಸಂದೇಶ ಅರ್ಧ ನಿಜ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ, ಕಟ್ಟಿದ ಗುತ್ತಿಗೆದಾರನೇ 5 ವರ್ಷ ನಿರ್ವಹಣೆ ಮಾಡಬೇಕೆಂಬ ಷರತ್ತಿದೆ. ಉಳಿದ ಕೆಲಸಗಳಿಗೆ ಅವಧಿ ಬೇರೆ ಬೇರೆ. ಆಯಾ ಒಪ್ಪಂದದಲ್ಲೇ ನೋಡಬೇಕು.

ಇಲ್ಲಿಯೇ ಜನ ಸೋಲುವುದು. ಅವಧಿ ಮುಗಿದ ಮೇಲೆ ಠೇವಣಿ ವಾಪಸ್ ಹೋಗುತ್ತದೆ. ಆಮೇಲೆ ಅದೇ ಗುಂಡಿ ಮುಚ್ಚಲು ಹೊಸ ಟೆಂಡರ್, ಹೊಸ ಹಣ. ಅದು ನಮ್ಮ ತೆರಿಗೆಯದ್ದೇ. ಗುಂಡಿಯ ಫೋಟೊವನ್ನು ನೂರು ಗುಂಪಿಗೆ ಕಳಿಸುವುದಕ್ಕಿಂತ ಅವಧಿಯೊಳಗೆ ಕೊಟ್ಟ ಒಂದು ಲಿಖಿತ ದೂರು, ಅದರ ಸ್ವೀಕೃತಿ ಹೆಚ್ಚು ಕೆಲಸ ಮಾಡುತ್ತದೆ.

ಹೇಳಿಕೆ 4: 'ದಾಖಲೆ ಜನರಿಗೆ ಕೊಡುವುದಿಲ್ಲ'

ತಪ್ಪು. ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 2(ಜೆ) ಹೇಳುವ 'ಮಾಹಿತಿ ಹಕ್ಕು' ಎಂದರೆ ಬರೀ ಜೆರಾಕ್ಸ್ ಪಡೆಯುವುದಲ್ಲ. ಕಾಮಗಾರಿಯನ್ನು ಪರಿಶೀಲಿಸುವ ಹಕ್ಕು ಮತ್ತು ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕು ಕೂಡ ಅದರಲ್ಲಿ ಸೇರಿದೆ. ಕಂಪನಿಯ ವ್ಯಾಪಾರ ರಹಸ್ಯದಂಥ ಕೆಲವು ವಿಷಯಗಳಿಗೆ ವಿನಾಯಿತಿ ಇದೆ.

ಅರ್ಜಿ ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ನಂತರ ಮಾಹಿತಿ ಆಯೋಗಕ್ಕೆ. ಆಯೋಗದ ಪೀಠ ಕಲಬುರಗಿಯಲ್ಲೂ ಇದೆ, ಬೆಂಗಳೂರಿಗೆ ಅಲೆಯಬೇಕಿಲ್ಲ.

ಏನು ಕೇಳಬೇಕು?

• ಒಪ್ಪಂದದ ಪ್ರತಿ ಮತ್ತು ಕೆಲಸ ಮುಗಿದ ದಿನಾಂಕ
• ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ
• ಅಳತೆ ಪುಸ್ತಕದ (ಎಂ.ಬಿ.) ಪುಟಗಳು: ಎಷ್ಟು ಉದ್ದ, ಎಷ್ಟು ದಪ್ಪಕ್ಕೆ ಬಿಲ್ ಆಗಿದೆ ಎಂಬುದು ಇಲ್ಲಿರುತ್ತದೆ
• ಗುಣಮಟ್ಟ ಪರೀಕ್ಷೆ ಮತ್ತು ಮೂರನೇ ಸಂಸ್ಥೆಯ ತಪಾಸಣಾ ವರದಿ
• ಗುತ್ತಿಗೆದಾರನಿಗೆ ಒಪ್ಪಿಸಿದ ಸ್ವತ್ತಿನ ಪಟ್ಟಿ

ಫಾರ್ವರ್ಡ್ ಮಾಡುವ ಮುನ್ನ

ಸಂದೇಶದಲ್ಲಿ ಕಾಮಗಾರಿಯ ಹೆಸರು, ಇಲಾಖೆ, ದಿನಾಂಕ ಇದೆಯೇ ನೋಡಿ. ಮೂರೂ ಇಲ್ಲದಿದ್ದರೆ ಅದು ಯಾವ ಊರಿನದ್ದೂ, ಯಾವ ವರ್ಷದ್ದೂ ಆಗಿರಬಹುದು. ಗುತ್ತಿಗೆ ಪದ್ಧತಿಯಲ್ಲಿ ಮೋಸವೇ ನಡೆಯುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ಮೋಸ ನಡೆದರೆ ಅದನ್ನು ಹಿಡಿಯುವ ಹಗ್ಗ ಒಪ್ಪಂದದಲ್ಲೇ ಇರುತ್ತದೆ. 'ಎಲ್ಲಾ ಮಾರಿಬಿಟ್ಟರು' ಎಂದು ನಂಬಿ ಕೈಚೆಲ್ಲಿದರೆ ಆ ಹಗ್ಗ ಹಿಡಿಯುವವರೇ ಇರುವುದಿಲ್ಲ. ಹಂಚಿಕೊಳ್ಳಲೇಬೇಕೆಂದರೆ ನಿಮ್ಮ ಓಣಿಯ ಕೆಲಸದ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ ಪತ್ತೆ ಮಾಡಿ, ಅದನ್ನು ಹಂಚಿಕೊಳ್ಳಿ.