ಫಾರ್ಮಸಿ ಕಲಿಕೆ: ಕೈಗೆಲಸವೂ ಪರದೆಯೂ

ಔಷಧ ಬೆರೆಸಿ ಕೊಡುವ ವಿದ್ಯೆ ಬಹುಕಾಲ ಕಾಲೇಜಿನ ಹೊರಗೇ ಬೆಳೆಯಿತು. ದವಾಖಾನೆಯ ಕಂಪೌಂಡರ್ ವೈದ್ಯರ ಚೀಟಿ ನೋಡಿ ಪುಡಿ ಅರೆದು ಪೊಟ್ಟಣ ಕಟ್ಟುತ್ತಿದ್ದ, ಮಿಶ್ರಣವನ್ನು ಬಾಟಲಿಗೆ ತುಂಬುತ್ತಿದ್ದ. ಹಿರಿಯ ಕಂಪೌಂಡರನ ಪಕ್ಕದಲ್ಲಿ ನಿಂತು ಕಲಿತದ್ದೇ ಅವನ ಓದು. ತರಬೇತಿ ಪಡೆದವರ ಅಗತ್ಯವನ್ನು 1930–31ರ ಚೋಪ್ರಾ ಸಮಿತಿ ಎತ್ತಿ ಹೇಳಿತು. 1932ರಲ್ಲಿ ಮಹಾದೇವ ಲಾಲ್ ಶ್ರಾಫ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಬೋಧನೆಗೆ ಅಡಿಪಾಯ ಹಾಕಿದರು. 1948ರ ಫಾರ್ಮಸಿ ಕಾಯ್ದೆ ಈ ವೃತ್ತಿಗೆ ನೋಂದಣಿಯ ಕಟ್ಟುಪಾಡು ತಂದಿತು.

ಕರ್ನಾಟಕದಲ್ಲಿ ಮಣಿಪಾಲ (1963), ಬೆಂಗಳೂರಿನ ಸರ್ಕಾರಿ ಕಾಲೇಜು (1964), ಬೆಳಗಾವಿಯ ಕೆಎಲ್‌ಇ (1968), ಮೈಸೂರಿನ ಜೆಎಸ್‌ಎಸ್ (1973) ಒಂದರ ಹಿಂದೊಂದು ಬಂದವು. ಫ. ಗು. ಹಳಕಟ್ಟಿಯವರು ಕಟ್ಟಿದ ಬಿಎಲ್‌ಡಿಇ ಸಂಸ್ಥೆ ವಿಜಯಪುರದಲ್ಲೂ ಫಾರ್ಮಸಿ ಕಾಲೇಜು ತೆರೆಯಿತು. ಇದೇ ಜಿಲ್ಲೆಯಲ್ಲಿ ಕೃಷ್ಣೆಯ ದಂಡೆಯ ಮೇಲಿರುವ ತಂಗಡಗಿ ಶರಣೆ ನೀಲಮ್ಮ ಮತ್ತು ಹಡಪದ ಅಪ್ಪಣ್ಣನವರ ಹೆಸರಿನಿಂದ ನಾಡಿಗೆ ಪರಿಚಿತ. ಇಂಥ ಊರಿನ ಮಕ್ಕಳಿಗೆ ಈ ಓದು ತಮ್ಮ ಜಿಲ್ಲೆಯಲ್ಲೇ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಪಕ್ಕದ ಕಲಬುರಗಿಯಲ್ಲಿ ಸಂಭವಿಸಿತು. ಬೆನ್ನಿಗೇ ರಾಜ್ಯದ ಕಾಲೇಜುಗಳು ಮುಚ್ಚಿದವು, ಪಾಠ ಮೊಬೈಲಿಗೆ ಬಂತು. ಆನ್‌ಲೈನ್ ಪಾಠ ವಿದ್ಯಾರ್ಥಿಗಳಿಗೆ ತೃಪ್ತಿ ತಂದಿತೇ ಎಂಬ ಪ್ರಶ್ನೆ ಆಗ ಎಲ್ಲೆಡೆ ಎದ್ದಿತು. ಅದಕ್ಕೆ ಒಂದೇ ಉತ್ತರ ಹೊಂದುವುದಿಲ್ಲ. ಔಷಧ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ, ಕಾಯ್ದೆ ಏನು ಹೇಳುತ್ತದೆ ಎಂಬ ಪಾಠಗಳು ಪರದೆಗೆ ಒಗ್ಗುತ್ತವೆ. ಧ್ವನಿಮುದ್ರಿತ ಪಾಠವನ್ನು ಮತ್ತೆ ಕೇಳಬಹುದು, ಬಸ್ಸಿನ ಖರ್ಚೂ ರೂಮಿನ ಬಾಡಿಗೆಯೂ ಉಳಿಯುತ್ತವೆ. ಆದರೆ ಬ್ಯೂರೆಟ್ಟಿನಿಂದ ಹನಿ ಬೀಳಿಸುತ್ತ ಬಣ್ಣ ತಿರುಗುವ ಕ್ಷಣಕ್ಕೆ ಕೈ ತಡೆಯುವುದು, ಮುಲಾಮಿನ ನುಣುಪನ್ನು ಬೆರಳಿನಿಂದ ಅರಿಯುವುದು, ಒತ್ತಿದ ಮಾತ್ರೆ ಪುಡಿಯಾಗದಂತೆ ಹದ ಕಾಯುವುದು ಲ್ಯಾಬಿನಲ್ಲೇ ಬರಬೇಕು. ವಿಡಿಯೊದಲ್ಲಿ ಬಣ್ಣ ತಿರುಗಿದ್ದು ಕಾಣುತ್ತದೆ. ಹನಿಯನ್ನು ತಡೆದದ್ದು ಬೇರೆಯವರ ಕೈ. ಹಳ್ಳಿಯಲ್ಲಿ ನೆಟ್‌ವರ್ಕ್ ಹೋದರೆ ಅಷ್ಟೂ ಇಲ್ಲ. ಆದ್ದರಿಂದ ತೃಪ್ತಿಯನ್ನು ಅಳೆಯುವವರು ತರಗತಿಯ ಪಾಠವನ್ನೂ ಪ್ರಯೋಗವನ್ನೂ ಬೇರೆಬೇರೆಯಾಗಿ ಕೇಳಬೇಕು. ಎರಡನ್ನೂ ಕೂಡಿಸಿ ಒಂದೇ ಅಂಕ ಕೊಟ್ಟರೆ ವಿದ್ಯಾರ್ಥಿಯ ಅನುಭವ ಅದರಲ್ಲಿ ಮರೆಯಾಗುತ್ತದೆ.

ನಿಯಮವೂ ಕೈಗೆಲಸದ ಪಕ್ಷದಲ್ಲೇ ನಿಂತಿದೆ. 1991ರ ಶಿಕ್ಷಣ ನಿಯಮಾವಳಿಯ ಪ್ರಕಾರ ಡಿಪ್ಲೊಮಾ ವಿದ್ಯಾರ್ಥಿ ಕನಿಷ್ಠ 3 ತಿಂಗಳ ಅವಧಿಯಲ್ಲಿ 500 ಗಂಟೆ ಪ್ರಾಯೋಗಿಕ ತರಬೇತಿ ಮುಗಿಸಬೇಕಿತ್ತು. ದೂರಶಿಕ್ಷಣದಿಂದ ಪಡೆದ ಫಾರ್ಮಸಿ ಡಿಪ್ಲೊಮಾಕ್ಕೆ ಭಾರತೀಯ ಫಾರ್ಮಸಿ ಪರಿಷತ್ತು ಇಂದಿಗೂ ಮಾನ್ಯತೆ ಕೊಡುವುದಿಲ್ಲ.